ಮೊದಲ ಒಂದು ತಾಸು ಸಂಘದ ಕೈಯಲ್ಲೇ: ಅವಳಿನಗರದ ಬಡಾವಣೆಗಳ ವಿಪತ್ತು ಸಿದ್ಧತೆ ಕುರಿತು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು, ಧಾರವಾಡ
ಮಾನ್ಯ ಆಯುಕ್ತರು, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ
ಮತ್ತು ಅವಳಿನಗರದ ಬಡಾವಣೆ, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೆ

ಮಾನ್ಯರೆ,

ಜಿಲ್ಲೆಗೊಂದು ವಿಪತ್ತು ನಿರ್ವಹಣಾ ಯೋಜನೆ ಇದೆ. ಪಾಲಿಕೆಗೆ ನಿಯಂತ್ರಣ ಕೊಠಡಿ ಇದೆ. ಅಗ್ನಿಶಾಮಕ ಠಾಣೆ, ಕರೆಂಟ್ ಕೊಡುವ ಹೆಸ್ಕಾಂ ಕಂಪನಿ, ಆಸ್ಪತ್ರೆಗಳು ಇವೆ. ಆದರೆ 40 ಮನೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ 2 ಗಂಟೆಗೆ ಬೇಸ್‌ಮೆಂಟಿಗೆ ನೀರು ನುಗ್ಗಿದರೆ, ಯಾವ ಸ್ವಿಚ್ ಮೊದಲು ಆರಿಸಬೇಕು, ಯಾರು ಆರಿಸಬೇಕು, ನಡೆಯಲಾರದ ಅಜ್ಜಿ ಯಾವ ಮನೆಯಲ್ಲಿದ್ದಾರೆ ಎನ್ನುವುದನ್ನು ಬರೆದಿಟ್ಟ ಒಂದು ಹಾಳೆ ಬಹುತೇಕ ಕಡೆ ಇಲ್ಲ. ಸರ್ಕಾರಿ ವಾಹನ ಬಂದು ನಿಲ್ಲುವ ತನಕದ ಹೊತ್ತನ್ನು ಅಲ್ಲಿದ್ದವರೇ ನಿಭಾಯಿಸಬೇಕು. ರೋಹಿಣಿ ಮಳೆ ಕೂಡುವ ಮೊದಲು, ಅಂದರೆ ಮೇ ಕೊನೆಯ ವಾರದೊಳಗೆ, ಪ್ರತಿ ಸಂಘವೂ ನಾಲ್ಕು ಪುಟದ ಒಂದು ಯೋಜನೆ ಬರೆದು ಅದರ ಪ್ರತಿಯನ್ನು ವಲಯ ಕಚೇರಿಗೆ ಕೊಡುವಂತೆ ನೀವು ಆದೇಶಿಸಬೇಕು. ಆ ಯೋಜನೆಯಲ್ಲಿ ಏನಿರಬೇಕು, ಅದಕ್ಕೆ ಪ್ರತಿಯಾಗಿ ಆಡಳಿತ ಏನು ಕೊಡಬೇಕು ಎಂಬುದಷ್ಟೇ ಈ ಪತ್ರದ ವಿಷಯ.

‘ನಮ್ಮಲ್ಲೇನು ಹೊಳಿ ಐತ್ರಿ, ಪ್ರವಾಹ ಬರಾಕ?’ ಎಂಬ ಮಾತು ಎಲ್ಲ ಸಭೆಗಳಲ್ಲೂ ಬರುತ್ತದೆ. 2009 ಮತ್ತು 2019ರ ನೆರೆ ಎಂದರೆ ಮಲಪ್ರಭೆ, ಬೆಣ್ಣಿಹಳ್ಳ, ನರಗುಂದ, ಕೊಣ್ಣೂರು ಅಂತಲೇ ಜನ ನೆನಪಿಟ್ಟುಕೊಂಡಿದ್ದಾರೆ. ಅವಳಿನಗರದ ಅಪಾಯದ ಬಗೆ ಬೇರೆ. ಧಾರವಾಡ ಕೂತಿರುವುದೇ ನೀರು ಇಬ್ಭಾಗವಾಗುವ ದಿನ್ನೆಯ ಮೇಲೆ: ಒಂದು ಕಡೆಯ ನೀರು ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಹಿಡಿದು ಪಶ್ಚಿಮಕ್ಕೆ, ಇನ್ನೊಂದು ಕಡೆಯದು ಪೂರ್ವಕ್ಕೆ. ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ನುಗ್ಗುತ್ತದೆ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ ಕೋಡಿ ಬಿದ್ದರೆ ಆ ನೀರು ನಾಲಾ ಹಿಡಿದು ಊರ ನಡುವೆಯೇ ಹರಿಯಬೇಕು. ಕೆಳಗಿರುವುದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಗೋಡೆ-ಪಾಯ-ಪೈಪು ಎಲ್ಲವನ್ನೂ ಅಲುಗಾಡಿಸುವ ಮಣ್ಣು ಅದು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗಾಳಿ, ಸಿಡಿಲು, ಆಲಿಕಲ್ಲು ಬೇರೆ. ಹೊಳೆಯ ನೆರೆ ಬರುವ ಮುನ್ನ ಡ್ಯಾಮಿನಿಂದ ಸುದ್ದಿಯಾದರೂ ಬರುತ್ತದೆ. ಇಲ್ಲಿನ ನೀರಿಗೆ ಆ ಪುರುಸೊತ್ತೂ ಇರುವುದಿಲ್ಲ.

ಕಾನೂನು ಸ್ಪಷ್ಟವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 30ನೇ ಕಲಮು ಜನರಿಗೆ ತರಬೇತಿ ಕೊಡುವ ಕೆಲಸವನ್ನು ಜಿಲ್ಲಾ ಪ್ರಾಧಿಕಾರಕ್ಕೆ ವಹಿಸಿದೆ, 41ನೇ ಕಲಮು ಸ್ಥಳೀಯ ಸಂಸ್ಥೆಯ ಹೊಣೆ ಹೇಳುತ್ತದೆ. 2025ರ ತಿದ್ದುಪಡಿಯಲ್ಲಿ ಮಹಾನಗರ ಪಾಲಿಕೆ ಇರುವ ಊರುಗಳಿಗೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ರಾಜ್ಯಕ್ಕೆ ಅವಕಾಶ ಸಿಕ್ಕಿದೆ. ಹೊಸ ಅಧಿಕಾರ ಬೇಕಾಗಿಲ್ಲ, ಇದ್ದುದನ್ನು ಓಣಿಯ ಮಟ್ಟಕ್ಕೆ ಇಳಿಸಿದರೆ ಸಾಕು.

ಯೋಜನೆ ನಾಲ್ಕೇ ಪುಟ ಇರಲಿ ಎನ್ನುವುದಕ್ಕೆ ಕಾರಣವಿದೆ. ಬೇರೆಲ್ಲಿಂದಲೋ ನಕಲು ಮಾಡಿದ 60 ಪುಟದ ದಾಖಲೆಯನ್ನು ಕತ್ತಲಲ್ಲಿ, ಮಳೆಯಲ್ಲಿ, ಟಾರ್ಚ್ ಹಿಡಿದು ಯಾರೂ ಓದುವುದಿಲ್ಲ. ಮೊದಲ ಪುಟ ನಕಾಶೆ, ಎರಡನೆಯದು ಮನುಷ್ಯರ ಪಟ್ಟಿ, ಮೂರನೆಯದು ಯಾರು ಏನು ಮಾಡಬೇಕೆಂಬುದು, ನಾಲ್ಕನೆಯದು ನಂಬರುಗಳು. ಲ್ಯಾಮಿನೇಟ್ ಮಾಡಿ ಒಂದು ವಾಚ್‌ಮನ್ ಕೋಣೆಯಲ್ಲಿ, ಒಂದು ಮೇಲಿನ ಅಂತಸ್ತಿನಲ್ಲಿ. ಮನುಷ್ಯರ ಪಟ್ಟಿ ಮಾತ್ರ ಲಕೋಟೆಯೊಳಗೆ.

ನಕಾಶೆ ಎಂದರೆ ಬಿಲ್ಡರ್ ಕೊಟ್ಟ ಬಣ್ಣದ ಬ್ರೋಷರ್ ಅಲ್ಲ. ಕೈಯಲ್ಲಿ ಬರೆದದ್ದಾದರೂ ಸರಿ, ಅದರಲ್ಲಿ ಇವು ಕಾಣಬೇಕು: ಮುಖ್ಯ ಸ್ವಿಚ್, ಜನರೇಟರಿನ ಚೇಂಜ್‌ಓವರ್, ಸೋಲಾರ್ ಇನ್ವರ್ಟರ್, ನೀರಿನ ಮುಖ್ಯ ವಾಲ್ವ್, ಗ್ಯಾಸ್ ಪೈಪಿನ ವಾಲ್ವ್, ಲಿಫ್ಟ್ ಮಶಿನ್ ಕೋಣೆಯ ಕೀಲಿ, ಟೆರೇಸ್ ಬಾಗಿಲ ಕೀಲಿ, ಸಂಪಿನ ಮುಚ್ಚಳ, ಚೇಂಬರುಗಳು. ಜೊತೆಗೆ ನಿಮ್ಮ ಕಟ್ಟಡಕ್ಕೆ ಕರೆಂಟ್ ಬರುವ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ನಂಬರ್ ಮತ್ತು ಬಿಲ್ಲಿನ ಮೇಲಿನ ಆರ್.ಆರ್. ನಂಬರ್. 1912ಕ್ಕೆ ಫೋನ್ ಮಾಡಿ ‘ನಮ್ಮ ಓಣ್ಯಾಗ ಲೈನ್ ಬಂದ್ ಮಾಡ್ರಿ’ ಅಂದರೆ ಅತ್ತಲಿನವರು ನಿಮ್ಮ ಓಣಿಗೆ ಕರೆಂಟ್ ತರುವ ಲೈನ್, ಅಂದರೆ ಫೀಡರ್, ಹುಡುಕುತ್ತಾ ಕೂರಬೇಕಾಗುತ್ತದೆ. ಟಿ.ಸಿ. ನಂಬರ್ ಹೇಳಿದರೆ ಆ ಹುಡುಕಾಟ ತಪ್ಪುತ್ತದೆ.

ಇನ್ನು ಬೇಸ್‌ಮೆಂಟ್. ಹುಬ್ಬಳ್ಳಿಯಲ್ಲಿ ಹೆಚ್ಚು ಹಾನಿಯಾಗುವುದೂ ಇಲ್ಲೇ, ಸುಲಭವಾಗಿ ತಡೆಯಬಹುದಾದದ್ದೂ ಇಲ್ಲೇ. ಲೆಕ್ಕ ಸರಳ: 1 ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ರ‍್ಯಾಂಪ್ ಮತ್ತು ಅದರ ಕಡೆ ಇಳಿಜಾರಿರುವ ಅಂಗಳ ಸೇರಿ 400 ಚದರ ಮೀಟರ್ ಇದ್ದು, ಒಂದು ತಾಸಿನಲ್ಲಿ 50 ಮಿ.ಮೀ. ಬಿದ್ದರೆ 20,000 ಲೀಟರ್ ಕೆಳಗಿಳಿಯುತ್ತದೆ. ರಸ್ತೆಯ ನೀರು ಏರಿ ಬಂದರೆ ಅದಕ್ಕೆ ಲೆಕ್ಕವೇ ಇಲ್ಲ. ಆದ್ದರಿಂದ ಮೊದಲ ಕೆಲಸ ರಸ್ತೆಯ ನೀರನ್ನು ಬಾಗಿಲಲ್ಲೇ ತಡೆಯುವುದು. ರ‍್ಯಾಂಪಿನ ಬಾಯಿಯ ಎರಡೂ ಬದಿಯ ಗೋಡೆಗೆ ಕಬ್ಬಿಣದ ಸಿ-ಚಾನೆಲ್ ಕೂರಿಸಿ, ಅದರಲ್ಲಿ ಒಂದರ ಮೇಲೊಂದು ಇಳಿಯುವ ಮೂರು ಹಲಗೆ, ಅಡಿಯಲ್ಲಿ ರಬ್ಬರ್ ಪಟ್ಟಿ. ಇಬ್ಬರು ಹತ್ತು ನಿಮಿಷದಲ್ಲಿ ಕೂರಿಸಬಹುದು. ಮರಳಿನ ಚೀಲವೇ ಸಾಕು ಅಂದುಕೊಂಡರೆ 5 ಮೀಟರ್ ಅಗಲದ ರ‍್ಯಾಂಪಿಗೆ 60 ಸೆಂ.ಮೀ. ಎತ್ತರದ ಒಡ್ಡು ಹಾಕಲು 80ರಿಂದ 100 ಚೀಲ ಬೇಕು. ಸಿಮೆಂಟಿನ ಖಾಲಿ ಚೀಲವನ್ನು ಪೂರ್ತಿ ತುಂಬಬೇಡಿ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿದರೆ ಅದು ಮೆತ್ತಗಿದ್ದು ಪಕ್ಕದ ಚೀಲಕ್ಕೆ ಒತ್ತಿಕೊಂಡು ಕೂರುತ್ತದೆ, ಬಿಗಿಯಾಗಿ ತುಂಬಿದ್ದು ನಡುವೆ ಸಂದು ಬಿಡುತ್ತದೆ. ಇಟ್ಟಿಗೆ ಕಟ್ಟುವ ಹಾಗೆ ಸಂದು ಮರೆಸಿ ಇಡಿ, ನೀರು ಬರುವ ಕಡೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ. ಖಾಲಿ ಚೀಲ ಮತ್ತು ಮರಳಿನ ಗುಡ್ಡೆ ಬೇರೆ ಬೇರೆ ಇಟ್ಟರೆ ಏನೂ ಉಪಯೋಗವಿಲ್ಲ. ಮಳೆಯ ರಾತ್ರಿ ನೂರು ಚೀಲ ತುಂಬುವ ಕೈಗಳು ಸಿಗುವುದಿಲ್ಲ.

ಒಳಬಂದ ನೀರನ್ನು ಬೇಸ್‌ಮೆಂಟಿನ ಗುಂಡಿಯಿಂದ ಎತ್ತಿ ಹೊರಹಾಕುವ ಪಂಪು ಕೈಕೊಡುವುದು ಬಹುಪಾಲು ನಾಲ್ಕು ಕಾರಣಕ್ಕೆ. ಒಂದು, ಸ್ಟಾರ್ಟರ್ ಪೆಟ್ಟಿಗೆಯನ್ನು ಬೇಸ್‌ಮೆಂಟಿನ ಗೋಡೆಗೇ, ಸೊಂಟದೆತ್ತರಕ್ಕೆ ಹಾಕಿರುತ್ತಾರೆ. ಪಂಪು ನೀರಿನಲ್ಲಿ ಓಡುವಂಥದ್ದೇ, ಆದರೆ ಸ್ಟಾರ್ಟರ್ ಮುಳುಗಿದ ಕೂಡಲೇ ಎಲ್ಲ ಬಂದ್. ಅದನ್ನು ನೆಲಮಹಡಿಗೆ ಏರಿಸಿ. ಎರಡು, ನೀರಿನ ಜೊತೆ ಮೇಲೆದ್ದು ಪಂಪು ಓಡಿಸುವ ಫ್ಲೋಟ್ ಸ್ವಿಚ್. ಗುಂಡಿಗೆ ಹರಿದು ಬಂದ ಒಂದು ಹಾಲಿನ ಪ್ಯಾಕೆಟ್ ಅದರ ವೈರಿಗೆ ಸುತ್ತಿಕೊಂಡರೆ ಫ್ಲೋಟ್ ಮೇಲೇಳುವುದಿಲ್ಲ, ನೀರು ಏರುತ್ತಲೇ ಇದ್ದರೂ ಪಂಪು ಸುಮ್ಮನಿರುತ್ತದೆ. ಗುಂಡಿಯ ಬಾಯಿಗೆ ಜಾಳಿಗೆ ಹಾಕಿ, ತಿಂಗಳಿಗೊಮ್ಮೆ ಫ್ಲೋಟನ್ನು ಕೋಲಿನಿಂದ ಎತ್ತಿ ಪಂಪು ಓಡುತ್ತದೋ ನೋಡಿ. ಮೂರು, ಹೊರಗೆ ಹೋಗುವ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಇಲ್ಲದಿರುವುದು. ರಸ್ತೆಯ ಗಟಾರ ತುಂಬಿ ಪೈಪಿನ ಬಾಯಿ ಮುಳುಗಿತೆಂದರೆ ಪಂಪು ನಿಂತಾಗ ಅದೇ ಪೈಪಿನಲ್ಲಿ ಗಟಾರದ ನೀರು ಒಳಗೆ ಬರುತ್ತದೆ. ವಾಲ್ವ್ ಹಾಕುವುದರ ಜೊತೆಗೆ ಪೈಪನ್ನು ರಸ್ತೆಯ ಮಟ್ಟಕ್ಕಿಂತ ಒಂದು ಮೀಟರ್ ಎತ್ತರಿಸಿ ಬಗ್ಗಿಸಿ ಹೊರಗೆ ಬಿಡಿ. ನಾಲ್ಕು, ಕೊಳ್ಳುವಾಗಿನ ತಪ್ಪು. ಪಂಪಿನ ಮೇಲಿನ ಫಲಕದಲ್ಲಿ ಬರೆದ ಗರಿಷ್ಠ ಲೀಟರ್ ಮತ್ತು ಗರಿಷ್ಠ ಎತ್ತರ ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮ್ಮ ಗುಂಡಿಯ ತಳದಿಂದ ಪೈಪು ಹೊರಬೀಳುವ ತನಕದ ಎತ್ತರದಲ್ಲಿ ತಾಸಿಗೆ ಎಷ್ಟು ಲೀಟರ್ ಎತ್ತುತ್ತದೆ ಎಂದು ಅಂಗಡಿಯವರಲ್ಲಿ ಪಟ್ಟಿ ಕೇಳಿ ನೋಡಿ. ಒಂದರ ಬದಲು ಎರಡು ಪಂಪು ಇರಲಿ, ಒಂದೊಂದೂ ಪೂರ್ತಿ ಹೊರೆ ಹೊರುವಷ್ಟು.

ಗಾಳಿಮಳೆಗೆ ಮೊದಲು ಹೋಗುವುದೇ ಕರೆಂಟ್, ಹಾಗಾಗಿ ಪಂಪಿಗೆ ಜನರೇಟರಿನ ಲೈನ್ ಇರಲೇಬೇಕು. 25 ಕೆವಿಎ ಜನರೇಟರ್ ಮುಕ್ಕಾಲು ಹೊರೆಯಲ್ಲಿ ತಾಸಿಗೆ ಸುಮಾರು 5 ಲೀಟರ್ ಡೀಸೆಲ್ ಕುಡಿಯುತ್ತದೆ, ಎಂಟು ತಾಸಿಗೆ 40 ಲೀಟರ್. ಮಳೆಗಾಲದಲ್ಲಿ ಟ್ಯಾಂಕ್ ಅಷ್ಟರ ಕೆಳಗೆ ಇಳಿಯಬಾರದು. ಪೆಟ್ರೋಲ್ ಪಂಪು ಬಾಡಿಗೆಗೆ ತಂದರೆ ಎಂಜಿನ್ ಬಯಲಲ್ಲೇ ಇರಬೇಕು. ಅದನ್ನು ಬೇಸ್‌ಮೆಂಟಿಗೆ ಇಳಿಸಿ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ. ಮೇಲಿಟ್ಟ ಎಂಜಿನ್ ಸುಮಾರು 7 ಮೀಟರಿಗಿಂತ ಆಳದಿಂದ ನೀರು ಎಳೆಯಲಾರದು. ಎರಡಂತಸ್ತಿನ ಬೇಸ್‌ಮೆಂಟಿನವರು ಇದನ್ನು ನೆಚ್ಚಿಕೊಳ್ಳಬಾರದು.

ನೀರಿನಷ್ಟೇ ಜೀವಕ್ಕೆ ಅಪಾಯ ನೀರಿನಲ್ಲಿರುವ ಕರೆಂಟಿನಿಂದಲೂ ಇದೆ. ಮುಖ್ಯ ಸ್ವಿಚ್ ಬೇಸ್‌ಮೆಂಟಿನಲ್ಲೇ ಇದ್ದು ನೀರು ಆಗಲೇ ಒಳಬಂದಿದ್ದರೆ, ಕಾರು ತೆಗೆಯಲಿಕ್ಕಾಗಲಿ ಸ್ವಿಚ್ ಆರಿಸಲಿಕ್ಕಾಗಲಿ ಯಾರೂ ನೀರಿಗೆ ಕಾಲಿಡಬಾರದು. ಹೆಸ್ಕಾಂ ಲೈನ್ ಬಂದ್ ಮಾಡಿದೆ ಎಂದು ಖಾತ್ರಿಯಾಗುವ ತನಕ ಕಾಯಬೇಕು, ಜನರೇಟರನ್ನೂ ಆರಿಸಬೇಕು. ಸೋಲಾರ್ ಪ್ಯಾನೆಲ್ ಹಗಲಿನಲ್ಲಿ ಇನ್ವರ್ಟರ್ ಬಂದ್ ಇದ್ದರೂ ತನ್ನ ವೈರಿನ ತನಕ ಜೀವಂತವೇ. ಸಾಮಾನ್ಯ ಜಾಗದ ಎಲ್ಲ ಸರ್ಕೀಟಿಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಲೈನ್ ಕಡಿಯುವ ಸ್ವಿಚ್) ಇರಲಿ, ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿಸಿದರೆ ಒಳ್ಳೆಯ ಅಂಕಿ ಬರುತ್ತದೆ, ಏಪ್ರಿಲ್‌ನಲ್ಲಿ ಮಾಡಿಸಿದರೆ ನಿಜ ತಿಳಿಯುತ್ತದೆ. ಜೋರು ಮಳೆಯ ಮುನ್ಸೂಚನೆ ಇದ್ದಾಗ ಲಿಫ್ಟನ್ನು ಒಂದನೇ ಮಹಡಿಗೆ ತಂದು ನಿಲ್ಲಿಸಿ ಬಂದ್ ಮಾಡಿ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಿಂದ ಜನರನ್ನು ಎಳೆದು ಹೊರತೆಗೆಯಬೇಡಿ, ಕೆಳಗಿನ ಸಂದಿನಿಂದ ಗುಂಡಿಗೆ ಬೀಳುವ ಅಪಾಯ ಒಳಗೆ ಕಾಯುವುದಕ್ಕಿಂತ ದೊಡ್ಡದು.

ಗ್ಯಾಸಿನ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಬೇಸ್‌ಮೆಂಟಿಗೆ, ಗಟಾರಕ್ಕೆ ಹರಿಯುತ್ತದೆ. ಪೈಪಿನ ಗ್ಯಾಸ್ ಹಗುರ, ಚಾವಣಿಯ ಕೆಳಗೆ ಸೇರುತ್ತದೆ. ಈಗ ಒಂದೇ ಕಟ್ಟಡದಲ್ಲಿ ಎರಡೂ ಇವೆ, ಆದ್ದರಿಂದ ಮೇಲೂ ಕೆಳಗೂ ಗಾಳಿ ಆಡುವ ಕಿಂಡಿ ಬೇಕು. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ವಾಲ್ವ್ ಮುಚ್ಚಿ ಬಾಗಿಲು ತೆರೆದು ಹೊರಗೆ ಬಂದು, ಸಿಲಿಂಡರಿನ ಗ್ಯಾಸಾದರೆ 1906ಕ್ಕೆ, ಪೈಪಿನದಾದರೆ ಆ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ. ಇನ್ನೊಂದು: 14.2 ಕಿಲೋದ ಸಿಲಿಂಡರ್ ತುಂಬಿದ್ದರೂ ನೀರಿನಲ್ಲಿ ತೇಲುತ್ತದೆ. ಕೆಳಮಟ್ಟದಲ್ಲಿ ಇಟ್ಟವರು ಸರಪಳಿ ಹಾಕಿ ಗೋಡೆಗೆ ಕಟ್ಟಬೇಕು.

ಎತ್ತರ ಕಡಿಮೆ ಎಂಬ ಕಾರಣಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಾಗದ ಮೂರು-ನಾಲ್ಕು ಅಂತಸ್ತಿನ ಕಟ್ಟಡಗಳೇ ನಮಗೆ ಹೆಚ್ಚು ಚಿಂತೆ. ಅವನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಅಂಥಲ್ಲಿ ಪ್ರತಿ ಮಹಡಿಗೆ ಬೆಂಕಿ ಆರಿಸುವ 6 ಕಿಲೋದ ಒಂದು ಎಬಿಸಿ ಪೌಡರ್ ಸಿಲಿಂಡರ್ ಇರಲಿ. ಅದು ಓಡುವುದು 15-20 ಸೆಕೆಂಡು ಮಾತ್ರ, ಆದ್ದರಿಂದ ಬೆಂಕಿಯ ಬುಡಕ್ಕೇ, ಹೊರದಾರಿಗೆ ಬೆನ್ನು ಮಾಡಿ ನಿಂತು ಬಿಡಬೇಕು. ಆರದಿದ್ದರೆ ಹೊರನಡೆಯಬೇಕು. ವಿದ್ಯುತ್ ಸ್ಕೂಟರಿನ ಬ್ಯಾಟರಿ ಹೊತ್ತಿದರೆ ಪೌಡರಿನಿಂದ ಜ್ವಾಲೆ ಅಡಗಿದಂತೆ ಕಂಡರೂ ಒಳಗಿನ ಕಾವು ಇಳಿಯದೆ ಮತ್ತೆ ಹತ್ತಿಕೊಳ್ಳುತ್ತದೆ. ಅದಕ್ಕೇ ಚಾರ್ಜಿಂಗ್ ಪಾಯಿಂಟ್ ಮೆಟ್ಟಿಲ ಬುಡದಲ್ಲಿ ಇರಲೇಬಾರದು. ಗೇಟಿನ ಎರಡೂ ಪಟ್ಟಿ ಪೂರ್ತಿ ತೆರೆಯುತ್ತವೆಯೇ, ಕಮಾನು ಅಗ್ನಿಶಾಮಕ ವಾಹನಕ್ಕೆ ತಾಗುತ್ತದೆಯೇ ಎನ್ನುವುದನ್ನು ಠಾಣೆಯವರಿಗೆ ಒಮ್ಮೆ ವಾಹನ ತಂದೇ ನೋಡಲು ಕೇಳಿ. ವಾಸ್ತವದಲ್ಲಿ ಬಹಳ ಕಡೆ ಗೇಟಿನ ಒಂದು ಪಟ್ಟಿ ವರ್ಷಗಟ್ಟಲೆ ತೆರೆಯದೆ ಜಂಗು ಹಿಡಿದು, ಅದರ ಮುಂದೆಯೇ ಬೈಕು ನಿಂತಿರುತ್ತವೆ.

ನೀರು ಇಳಿದ ಮೇಲೆ ರೋಗ ಶುರುವಾಗುವುದು ಸಂಪಿನಿಂದ. ಹಲವು ಓಣಿಗಳಿಗೆ ದಿನಗಟ್ಟಲೆ ಬಿಟ್ಟು ನೀರು ಬರುವ ಊರಿದು, ಹೆಚ್ಚಿನ ಮನೆಗಳಲ್ಲಿ ದೊಡ್ಡ ಸಂಪಿದೆ. ಗಟಾರದ ನೀರು ಸೇರಿದ ಸಂಪನ್ನು ಬರೀ ಬ್ಲೀಚಿಂಗ್ ಪೌಡರ್ ಉದುರಿಸಿ ಬಳಸಬೇಡಿ. ಪೂರ್ತಿ ಖಾಲಿ ಮಾಡಿ, ಕೆಸರು ತೆಗೆದು, ಶೇ. 33 ಕ್ಲೋರಿನ್ ಇರುವ ಪೌಡರನ್ನು 10 ಲೀಟರ್ ಬಕೆಟಿಗೆ 6 ಗ್ರಾಂನಂತೆ ಕಲಸಿ ಗೋಡೆ-ನೆಲ ಉಜ್ಜಿ, ಅರ್ಧ ತಾಸು ಬಿಟ್ಟು ತೊಳೆಯಿರಿ. ಸಂಪಿಗೆ ಒಬ್ಬರೇ ಇಳಿಯಬಾರದು. ಮುಚ್ಚಳ ತೆಗೆದು ಫ್ಯಾನಿನಿಂದ ಗಾಳಿ ಊದಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದಿರಬೇಕು. ಒಳಗಿನವರು ಕುಸಿದರೆ ಎತ್ತಲು ಇನ್ನೊಬ್ಬರು ಹಾರುವುದರಿಂದಲೇ ಸಾವು ಎರಡಾಗುತ್ತದೆ. ಹೊಸ ನೀರು ತುಂಬಿದ ಮೇಲೆ 1,000 ಲೀಟರಿಗೆ 5 ಗ್ರಾಂ ಪೌಡರ್. ಮೊದಲು ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ ಸುರಿದು, ಅರ್ಧ ತಾಸು ಕಾಯ್ದು, ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ 0.5 ಮಿ.ಗ್ರಾಂ. ತೋರಿಸುತ್ತದೆಯೇ ನೋಡಿ. ಕಳೆದ ವರ್ಷ ಒಡೆದಿಟ್ಟ ಪೌಡರ್ ಪೊಟ್ಟಣದಲ್ಲಿ ಸುಣ್ಣ ಬಿಟ್ಟು ಹೆಚ್ಚೇನೂ ಉಳಿದಿರುವುದಿಲ್ಲ. ಕುಡಿಯುವುದು, ಅಡುಗೆ, ಶೌಚ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದು ಹಿಡಿದರೆ 160 ಜನರ ಕಟ್ಟಡಕ್ಕೆ ಮೂರು ದಿನಕ್ಕೆ 7,200 ಲೀಟರ್. ಮೇಲಿನ ಟ್ಯಾಂಕ್ ಮಳೆಗಾಲದಲ್ಲಿ ಇದಕ್ಕಿಂತ ಕೆಳಗೆ ಹೋಗದಿರಲಿ. ಮಲಪ್ರಭೆಯ ನೀರು ನಮ್ಮ ತನಕ ಬರುವುದೂ ಪಂಪಿನಿಂದಲೇ, ಅಲ್ಲಿ ಕರೆಂಟ್ ಹೋದರೆ ಇಲ್ಲಿ ನಳ ಬಂದ್.

ಗೋಡೆ, ಟೆರೇಸುಗಳ ವಿಷಯ ಚುಟುಕಾಗಿ. ಎರೆಮಣ್ಣಿನ ಮೇಲಿನ ಕಂಪೌಂಡ್ ಗೋಡೆಯ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆದರೆ ಇಂಜಿನಿಯರನ್ನು ಕರೆಸಿ, ಅಲ್ಲಿಯ ತನಕ ಗೋಡೆಯ ಎತ್ತರದಷ್ಟು ದೂರ ಮಕ್ಕಳು, ವಾಹನ ಇರಬಾರದು. ಟೆರೇಸಿನ ನೀರುಕಂಡಿ ಎಲೆ ಕಟ್ಟಿ ಮುಚ್ಚಿದರೆ 100 ಚದರ ಮೀಟರಿನಲ್ಲಿ 10 ಸೆಂ.ಮೀ. ನಿಂತ ನೀರೇ 10 ಟನ್ ಭಾರ. ತಗಡಿನ ಶೀಟಿನ ಬೋಲ್ಟು ಮಾರ್ಚ್‌ನಲ್ಲೇ ಬಿಗಿ ಮಾಡಿ. ಭೂಕಂಪದ ಪಟ್ಟಿಯಲ್ಲಿ, ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ, ಧಾರವಾಡ ಮೂರನೇ (ಮಧ್ಯಮ ಅಪಾಯದ) ವಲಯದಲ್ಲಿದೆ. ಕೆಳಗೆ ಬರೀ ಕಂಬಗಳ ಮೇಲೆ ನಿಂತ ಪಾರ್ಕಿಂಗ್ ಇರುವವರು ಇರುವ ಗೋಡೆಯನ್ನೂ ಒಡೆದು ಅಂಗಡಿ ಮಾಡಬೇಡಿ.

ಮನುಷ್ಯರ ಪಟ್ಟಿಗೆ ಬರೋಣ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ದಿನಗಟ್ಟಲೆ ಅವಶೇಷ ತೆಗೆಯುತ್ತಾ ಹೋಗಬೇಕಾಯಿತು. ಇಂಥ ಹೊತ್ತಿನಲ್ಲಿ ರಕ್ಷಣಾ ಪಡೆಗೆ ಮೊದಲು ಬೇಕಾಗುವ ಉತ್ತರ: ಒಳಗೆ ಎಷ್ಟು ಜನ, ಯಾವ ಮೂಲೆಯಲ್ಲಿ? ಸಂಘದ ಸದಸ್ಯರ ಪಟ್ಟಿಯಲ್ಲಿ ಅದಕ್ಕೆ ಉತ್ತರವಿರುವುದಿಲ್ಲ, ಅದರಲ್ಲಿ ಮಾಲೀಕರ ಹೆಸರಷ್ಟೇ ಇರುತ್ತದೆ. ಸಪ್ತಾಪುರದ ಸುತ್ತ ಓದಲು ಬಂದು ರೂಮು ಹಿಡಿದ ಹುಡುಗರು, ಪಿಜಿಯ ಹುಡುಗಿಯರು, ಬಾಡಿಗೆ ಮನೆಯವರು, ವಾಚ್‌ಮನ್ ಕುಟುಂಬ ಯಾವ ಪುಸ್ತಕದಲ್ಲೂ ಇಲ್ಲ. ಮನೆವಾರು ತಲೆ ಎಣಿಸಿ, ಆಕ್ಸಿಜನ್ ಯಂತ್ರ ಬಳಸುವವರು, ಗಾಲಿಕುರ್ಚಿಯವರು, ಗರ್ಭಿಣಿಯರು, ಕಿವಿ ಕೇಳದವರು, ಒಬ್ಬರೇ ಇರುವ ಹಿರಿಯರು ಎಂದು ಗುರುತು ಹಾಕಿ, ಪ್ರತಿಯೊಬ್ಬರಿಗೂ ಅದೇ ಮಹಡಿಯ ಇಬ್ಬರನ್ನು ಜೊತೆ ಮಾಡಿ. ಈ ಪಟ್ಟಿ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು. ಒಂಟಿ ವೃದ್ಧರ ಮನೆ ನಂಬರ್ ಕಳ್ಳರಿಗೂ ಬೇಕಾದ ಮಾಹಿತಿಯೇ.

ಹೊಣೆಯನ್ನು ವ್ಯಕ್ತಿಯ ಹೆಸರಿಗೆ ಬರೆಯದೆ ಮನೆ ನಂಬರಿಗೆ ಬರೆಯಿರಿ, ಒಂದೊಂದಕ್ಕೂ ಇಬ್ಬರು ಬದಲಿ ಇರಲಿ. ಹಗಲು 11 ಗಂಟೆಗೆ ದುಡಿಯುವವರು ಯಾರೂ ಮನೆಯಲ್ಲಿರುವುದಿಲ್ಲ, ಆಗ ಇರುವ ಹೆಣ್ಣುಮಕ್ಕಳಿಗೆ, ನಿವೃತ್ತರಿಗೆ ವಾಲ್ವ್ ತಿರುಗಿಸುವುದು ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವಾಚ್‌ಮನ್. ಸ್ಥಳದಲ್ಲಿ ಸದಾ ಇರುವವನು ಅವನೊಬ್ಬನೇ, ಆದರೆ ಸ್ವಿಚ್ ಆರಿಸಲು ಅವನಿಗೆ ಅಧಿಕಾರ ಕೊಟ್ಟಿರುವುದಿಲ್ಲ. ‘ಸಾಹೇಬ್ರನ್ನ ಕೇಳ್ಬೇಕ್ರಿ’ ಅಂತ ಅವನು ಫೋನ್ ಮಾಡುತ್ತಾನೆ, ಅತ್ತ ಫೋನ್ ಎತ್ತುವವರು ಇರುವುದಿಲ್ಲ. ಬೇಸ್‌ಮೆಂಟಿನ ಗೋಡೆಗೆ ಕೆಂಪು ಗೆರೆ ಎಳೆದು, ‘ನೀರು ಇಲ್ಲಿಗೆ ಬಂದರೆ ಮೇಲಿನಿಂದ ಕರೆಂಟ್ ಬಂದ್ ಮಾಡು, ಸೈರನ್ ಒತ್ತು, ಯಾರನ್ನೂ ಕೇಳಬೇಡ’ ಎಂದು ಸಂಘದ ಠರಾವಿನಲ್ಲೇ ಬರೆದು ಅವನ ಕೈಗೆ ಕೊಡಿ. ಆಮೇಲೆ ಅದಕ್ಕಾಗಿ ಅವನನ್ನು ಯಾರೂ ಬೈಯಬಾರದು ಎಂದೂ ಬರೆಯಿರಿ.

ಅಣಕು ಕಾರ್ಯಾಚರಣೆ ವರ್ಷಕ್ಕೆ ಎರಡು ಸಾಕು: ಒಂದು ಕೆಲಸದ ದಿನ ಬೆಳಿಗ್ಗೆ 11ಕ್ಕೆ, ಇನ್ನೊಂದು ರಾತ್ರಿ 8ಕ್ಕೆ ಕರೆಂಟ್ ಆರಿಸಿ. ಕೈಸೈರನ್ ಅಥವಾ ಗಂಟೆ ಬಳಸಿ, ಟವರ್ ಕೈಕೊಟ್ಟ ರಾತ್ರಿ ಮೊಬೈಲ್ ಸಂದೇಶ ಯಾರಿಗೂ ತಲುಪುವುದಿಲ್ಲ. ಮೂರನ್ನು ಅಳೆಯಿರಿ: ಕೊನೆಯವರು ಕೆಳಗಿಳಿಯಲು ಎಷ್ಟು ನಿಮಿಷ, ಗೇಟು ಪೂರ್ತಿ ತೆರೆಯಲು ಎಷ್ಟು, ಗ್ಯಾಸ್-ಕರೆಂಟ್ ಬಂದ್ ಮಾಡಲು ಎಷ್ಟು.

ಇಷ್ಟು ಸಂಘಗಳ ಕೆಲಸವಾದರೆ, ಮಾನ್ಯರೆ, ನಿಮ್ಮಿಂದ ಬೇಕಾದದ್ದು ಇದು. 82 ವಾರ್ಡುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ ಅಧಿಕಾರಿ, ವರ್ಗಾವಣೆಯಾದರೂ ಬದಲಾಗದ ಒಂದು ಮೊಬೈಲ್ ನಂಬರ್. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯ ನಿರ್ಧಾರ ಆಗಿರುವುದರಿಂದ ಯಾವ ನಾಲಾ ಯಾರ ಹೊಣೆ ಎಂಬುದು ಮಳೆಗೆ ಮೊದಲೇ ಲಿಖಿತವಾಗಿ ಗೊತ್ತಾಗಬೇಕು. ಉಣಕಲ್ ಕೆರೆಯ ಕೋಡಿಗೆ ಎರಡು ಗುರುತು ಹಾಕಿ, ಮೊದಲ ಗುರುತಿಗೆ ನೀರು ಮುಟ್ಟಿದಾಗ ನಾಲಾದ ಅಕ್ಕಪಕ್ಕದ ಸಂಘಗಳಿಗೆ ಫೋನು, ಎರಡನೆಯದಕ್ಕೆ ಸೈರನ್. ನಾಲಾದ ಗಡಿ, ಮಟ್ಟ ತೋರಿಸುವ ನಕಾಶೆ ವಾರ್ಡ್ ಕಚೇರಿಯ ಗೋಡೆಯ ಮೇಲಿರಲಿ. ಗಟಾರದಿಂದ ತೆಗೆದ ಹೂಳನ್ನು ದಂಡೆಯಲ್ಲೇ ಬಿಡಬೇಡಿ, ಮೊದಲ ಮಳೆಗೆ ಅದು ಮತ್ತೆ ಒಳಗೇ ಬೀಳುತ್ತದೆ. ಹೆಸ್ಕಾಂ ಪ್ರತಿ ಸಂಘಕ್ಕೂ ಫೀಡರ್ ಮತ್ತು ಟಿ.ಸಿ. ನಂಬರ್ ಬರೆದು ಕೊಡಲಿ. ಅಗ್ನಿಶಾಮಕ ಠಾಣೆ ವಾರಕ್ಕೆ ಒಂದು ಕಟ್ಟಡದಂತೆ ವಾಹನ ಒಳಹೋಗುವ ಪರೀಕ್ಷೆ ಮಾಡಲಿ. ಆಪದ ಮಿತ್ರ (ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರ ಸರ್ಕಾರಿ ಯೋಜನೆ) ತರಬೇತಿ ಪಡೆದವರ ಹೆಸರನ್ನು ಆಯಾ ವಾರ್ಡಿನ ಸಂಘಕ್ಕೆ ತಿಳಿಸಿ.

ಸಂಘವೇ ಇಲ್ಲದ ಓಣಿಗಳನ್ನು ದಯವಿಟ್ಟು ಬಿಡಬೇಡಿ. ಹಳೇ ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಗಳಲ್ಲಿ, ನಾಲಾದ ದಂಡೆಯ ಮನೆಗಳಲ್ಲಿ ಅಪಾಯ ಹೆಚ್ಚು, ನೋಂದಾಯಿತ ಸಂಘ ಕಡಿಮೆ. ಅಲ್ಲಿ ಸ್ತ್ರೀಶಕ್ತಿ ಗುಂಪು, ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಬಾಯಿಪಾಠ. ಅವರ ಜೊತೆ ಕೂತು ವಾರ್ಡ್ ಸಮಿತಿಯೇ ಆ ನಾಲ್ಕು ಪುಟ ಬರೆಯಬೇಕು, ಮರಳಿನ ಚೀಲ, ಹಗ್ಗ, ಬ್ಲೀಚಿಂಗ್ ಪೌಡರ್, ಕೈಸೈರನ್ ಪಾಲಿಕೆಯೇ ಕೊಡಬೇಕು.

ಸಂಘಗಳ ಮೊದಲ ಸಭೆಯನ್ನು ಏಪ್ರಿಲ್‌ನಲ್ಲಿ ವಲಯ ಕಚೇರಿಗಳಲ್ಲೇ ಕರೆಯಿರಿ. ಕಾರ್ಯದರ್ಶಿಗಳ ಜೊತೆ ವಾಚ್‌ಮನ್‌ಗಳನ್ನೂ ಕರೆಸಿ, ಹೆಸ್ಕಾಂ ಸೆಕ್ಷನ್ ಆಫೀಸರ್ ಮತ್ತು ಅಗ್ನಿಶಾಮಕ ಠಾಣಾಧಿಕಾರಿ ಹಾಜರಿರಲಿ. ನಕಾಶೆ ಬರೆಯಲು, ಪಂಪಿನ ಲೆಕ್ಕ ಹಾಕಿಕೊಡಲು, ಕ್ಲೋರಿನ್ ಅಳೆಯುವುದನ್ನು ತೋರಿಸಲು ನಾವು ಯಾವ ಸಂಭಾವನೆಯೂ ಇಲ್ಲದೆ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಅವಳಿನಗರದ ನಿವಾಸಿ ಸಂಘಗಳೊಡನೆ ಕೆಲಸ ಮಾಡುವ ಸಿವಿಲ್, ವಿದ್ಯುತ್, ಅಗ್ನಿಸುರಕ್ಷತೆ ಮತ್ತು ಸಾರ್ವಜನಿಕ ಆರೋಗ್ಯ ತಜ್ಞರು